ತೆಂಗು, ಅಡಿಕೆಯ ಸಣ್ಣ ಕೀಟಗಳು: ಮದ್ದು ಬಿಡುವ ಮೊದಲು ಹೋಲಿಸಿ ನೋಡಬೇಕಾದದ್ದು

ಕುರುವಾಯಿ ಹುಳುವನ್ನೋ ಕೆಂಪುಮೂತಿ ಹುಳುವನ್ನೋ ಗುರುತಿಸುವುದಕ್ಕೆ ಕಾಸರಗೋಡಿನ ಕೃಷಿಕರಿಗೆ ಯಾರ ಸಹಾಯವೂ ಬೇಕಿಲ್ಲ. ಹುಳು ಕೈಗೆ ಸಿಗುತ್ತದೆ, ಕೊರೆದ ತೂತು ಕಣ್ಣಿಗೆ ಕಾಣುತ್ತದೆ. ಕಷ್ಟವಾಗುವುದು ಮರದ ತಲೆಯಲ್ಲಿ ಎಲ್ಲೋ ಅಡಗಿ ಕುಳಿತು ರಸ ಹೀರುವ ಬಿಳಿ ನೊಣ, ನುಸಿ, ತಿಗಣೆ, ಹಿಟ್ಟು ತಿಗಣೆಗಳ ವಿಷಯದಲ್ಲಿ. ಇವುಗಳನ್ನು ಕಾಣುವ ಮೊದಲೇ ಇವು ಮಾಡಿದ ಹಾನಿ ನಮ್ಮ ಕಣ್ಣಿಗೆ ಬಿದ್ದಿರುತ್ತದೆ. ಆ ಗಾಬರಿಯಲ್ಲಿ, ಅಡಿಕೆಗೆ ಮದ್ದು ಬಿಡುವ ಪಂಪು ಹೇಗೂ ಮನೆಯಲ್ಲಿದೆಯಲ್ಲ ಎಂದುಕೊಂಡು, ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಕೀಟನಾಶಕವನ್ನು ಕದಡಿ ಸಿಂಪಡಿಸಿಬಿಡುತ್ತೇವೆ.

ಬದಿಯಡ್ಕದ ಹತ್ತಿರದ ನನ್ನ ತೋಟದಲ್ಲಿ ನಾನೂ ಹೀಗೆ ಮಾಡಿದವನೇ. ತೆಂಗಿನ ಕೆಳಗಿನ ಮಡಲುಗಳೆಲ್ಲ ಮಸಿ ಬಳಿದಂತೆ ಕಪ್ಪಾದುದನ್ನು ಕಂಡು, ಇದು ಕೊಳೆರೋಗದ ಜಾತಿಯ ಬೂಷ್ಟು ಎಂದು ತಿಳಿದು, ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಹೊಡೆಸಿದೆ. ಮಸಿ ಹೋಗಲಿಲ್ಲ. ಆಮೇಲೆ ಮದ್ದಿನ ಅಂಗಡಿಯವರು ಕೊಟ್ಟ ಕೀಟನಾಶಕ ಹೊಡೆಸಿದೆ. ಎರಡು ವಾರ ಎಲ್ಲವೂ ಸರಿಯಾದಂತೆ ಕಂಡಿತು. ಎರಡು ತಿಂಗಳಾಗುವಷ್ಟರಲ್ಲಿ ಬಿಳಿ ನೊಣ ಮೊದಲಿಗಿಂತ ಹೆಚ್ಚಾಗಿ ತುಂಬಿಕೊಂಡಿತ್ತು. ಏನನ್ನೂ ಹೊಡೆಯದೆ ಬಿಟ್ಟಿದ್ದ ಪಕ್ಕದ ತೋಟ ಅಷ್ಟರಲ್ಲಿ ಚೇತರಿಸಿಕೊಳ್ಳುತ್ತಿತ್ತು. ಆ ವರ್ಷದಿಂದ ಈಚೆಗೆ, ಯಾವ ಮದ್ದು ಎಂದು ಕೇಳುವ ಮೊದಲು ಕೀಟ ಕುಳಿತಿರುವ ಜಾಗ ಯಾವುದು ಎಂದು ನೋಡುವುದನ್ನು ರೂಢಿಸಿಕೊಂಡಿದ್ದೇನೆ. ಗರಿಯ ಅಡಿಯಲ್ಲಿ ಬಯಲಿಗೆ ಕುಳಿತ ಕೀಟಕ್ಕೂ, ಕಾಯಿಯ ಟೊಪ್ಪಿಯೊಳಗೆ ಹೊಕ್ಕ ನುಸಿಗೂ, ಸುಳಿಯ ಸಂದಿಯಲ್ಲಿ ಅವಿತ ತಿಗಣೆಗೂ ಒಂದೇ ಉಪಾಯ ತಾಗುವುದಿಲ್ಲ. ಮುಂದಿನ ಹೋಲಿಕೆಯನ್ನು ಈ ಲೆಕ್ಕದಲ್ಲೇ ಮಾಡಿದ್ದೇನೆ.

ಗರಿಯ ಅಡಿಯಲ್ಲಿ: ಬಿಳಿ ನೊಣ

ಈಗ ಗಡಿನಾಡಿನ ತೆಂಗಿನ ತೋಟಗಳಲ್ಲಿ ಹೆಚ್ಚು ಮಾತಿಗೆ ಬರುವುದು ಸುರುಳಿ ಸುತ್ತುವ ಬಿಳಿ ನೊಣ. ರೂಗೋಸ್ ಎಂಬ ಹೆಸರಿನ ಈ ಕೀಟ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಮತ್ತು ಅದಕ್ಕೆ ತಾಗಿದ ಕೇರಳದ ಪಾಲಕ್ಕಾಡಿನ ಕಡೆ. ಅಲ್ಲಿಂದ ಕರಾವಳಿಯುದ್ದಕ್ಕೂ ಹಬ್ಬುವುದಕ್ಕೆ ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಸಾಮಾನ್ಯ ಬಿಳಿ ನೊಣಗಳಿಗಿಂತ ಇದು ದೊಡ್ಡದು, ಸುಮಾರು ಎರಡೂವರೆ ಮಿಲಿಮೀಟರಿನಷ್ಟು. ರೆಕ್ಕೆಯ ಮೇಲೆ ತಿಳಿ ಕಂದು ಬಣ್ಣದ ಅಡ್ಡಪಟ್ಟಿಗಳಿವೆ, ಚಲನೆ ಮಂದ. ಹೆಣ್ಣು ನೊಣ ಗರಿಯ ಅಡಿಮೈಯಲ್ಲಿ ರಂಗೋಲಿ ಸುತ್ತಿದ ಹಾಗೆ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುತ್ತದೆ. ಅದರ ಮೇಲೆ ಬಿಳಿ ಮೇಣದ ಹಿಟ್ಟು ಉದುರಿರುತ್ತದೆ. ಗುರುತಿಗೆ ಈ ಸುರುಳಿಯೊಂದೇ ಸಾಕು.

ಇದರ ಜೊತೆಗೆ ಇನ್ನೊಂದು ಸಣ್ಣ ಬಿಳಿ ನೊಣವೂ ನಮ್ಮ ತೋಟಗಳಲ್ಲಿದೆ. ಬೊಂಡಾರ್ ಎಂಬ ಹೆಸರಿನ ಇದು ಗರಿಯ ಅಡಿಯಲ್ಲಿ ಹತ್ತಿಯ ಎಳೆಯಂತಹ ಮೇಣದಿಂದ ಸಣ್ಣ ಗೂಡು ಕಟ್ಟಿಕೊಂಡು ನಡುವೆ ಕುಳಿತಿರುತ್ತದೆ. ಮಡಚಿದ ರೆಕ್ಕೆಗಳ ಮೇಲೆ ಕತ್ತರಿಯಾಕಾರದ ಬೂದು ಗೆರೆ ಕಾಣುತ್ತದೆ. ಸುರುಳಿಯಿದ್ದರೆ ರೂಗೋಸ್, ಗೂಡಿದ್ದರೆ ಬೊಂಡಾರ್. ಹಲವು ಸಲ ಒಂದೇ ಗರಿಯಲ್ಲಿ ಎರಡೂ ಇರುತ್ತವೆ. ಕೃಷಿಕನ ಮಟ್ಟಿಗೆ ಉಪಾಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲದ ಕಾರಣ ಈ ಭೇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕಪ್ಪು ಮಸಿಯ ವಿಷಯವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ನೊಣವೂ ಅದರ ಮರಿಗಳೂ ಗರಿಯ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟು ದ್ರವವಾಗಿ ಹೊರಗೆ ಬಿಡುತ್ತವೆ. ಅದು ಕೆಳಗಿನ ಮಡಲಿನ ಮೇಲ್ಮೈಗೆ, ಕೆಳಗೆ ಬಾಳೆ, ಕೊಕ್ಕೋ, ಅಡಿಕೆ ಏನಿದೆಯೋ ಅದರ ಮೇಲೆ ತೊಟ್ಟಿಕ್ಕುತ್ತದೆ. ಆ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ಈ ಮಸಿ. ಅದು ಎಲೆಯೊಳಗೆ ಇಳಿಯುವುದಿಲ್ಲ, ಬಿಸಿಲನ್ನು ಮಾತ್ರ ತಡೆಯುತ್ತದೆ. ಮೈಲುತುತ್ತಿನ ದ್ರಾವಣ ಬೂಷ್ಟಿಗೆ ಮದ್ದೇ ಹೌದಾದರೂ, ಮೇಲಿನಿಂದ ಅಂಟು ತೊಟ್ಟಿಕ್ಕುತ್ತಿರುವವರೆಗೆ ಮಸಿ ಮರಳಿ ಬರುತ್ತಲೇ ಇರುತ್ತದೆ. ನೊಣಕ್ಕಂತೂ ಆ ದ್ರಾವಣದಿಂದ ಏನೂ ಆಗುವುದಿಲ್ಲ.

ಹಾಗಾದರೆ ಆಯ್ಕೆಗಳು ಯಾವುವು? ಕೀಟನಾಶಕ, ಬೇವಿನೆಣ್ಣೆ, ನೀರು, ಏನನ್ನೂ ಮಾಡದಿರುವುದು. ನಾಲ್ಕನ್ನೂ ತೂಗಿದರೆ ಕೊನೆಯದು ಸೋಮಾರಿತನದಂತೆ ಕಂಡೀತು, ಆದರೆ ಅದಕ್ಕೆ ಆಧಾರ ಗರಿಯ ಅಡಿಯಲ್ಲೇ ಇದೆ. ಒಂದು ಗರಿಯನ್ನು ಕೊಯ್ದು ಮಗುಚಿ, ಮಕ್ಕಳ ಭೂತಗನ್ನಡಿಯನ್ನಾದರೂ ಹಿಡಿದು ನೋಡಿ. ಮೇಣದ ನಡುವೆ ಅಂಡಾಕಾರದ ಕೋಶಗಳು ಅಂಟಿಕೊಂಡಿರುತ್ತವೆ. ಬಿಳಿಚಿದ ಹಳದಿ ಕೋಶಗಳಲ್ಲಿ ನೊಣ ಬೆಳೆಯುತ್ತಿದೆ. ನಡುನಡುವೆ ಕೆಲವು ಕಪ್ಪಾಗಿರುತ್ತವೆ; ಅವುಗಳೊಳಗೆ ಬೆಳೆಯುತ್ತಿರುವುದು ಎನ್‌ಕಾರ್ಸಿಯಾ ಎಂಬ ಕೀಟದ ಮರಿ. ಕಣಜದ ಜಾತಿಗೆ ಸೇರಿದ, ಒಂದು ಮಿಲಿಮೀಟರಿಗಿಂತಲೂ ಸಣ್ಣದಾದ ಈ ಕೀಟ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ತಿಂದು ಮುಗಿಸುತ್ತದೆ. ಖಾಲಿ ಕೋಶಗಳನ್ನೂ ನೋಡಬೇಕು. ನೊಣ ಹೊರಬಂದ ಕೋಶದ ಬೆನ್ನಿನಲ್ಲಿ ಇಂಗ್ಲಿಷಿನ ಟಿ ಅಕ್ಷರದಂತಹ ಸೀಳು ಇರುತ್ತದೆ. ಪರತಂತ್ರ ಕಣಜ ಹೊರಬಂದ ಕೋಶದಲ್ಲಿ ಸೂಜಿಯಿಂದ ಚುಚ್ಚಿದಂತೆ ದುಂಡನೆಯ ತೂತು. ಹತ್ತಾರು ಗರಿಗಳಲ್ಲಿ ದುಂಡನೆಯ ತೂತುಗಳೂ ಕಪ್ಪು ಕೋಶಗಳೂ ಸಾಕಷ್ಟು ಕಂಡರೆ ಆ ತೋಟಕ್ಕೆ ಕೀಟನಾಶಕ ಹೊಡೆಯುವುದು ನಮ್ಮ ಪರವಾಗಿ ದುಡಿಯುತ್ತಿರುವವರನ್ನು ಕೊಂದ ಹಾಗೆ. ನನ್ನ ತೋಟದಲ್ಲಿ ಆದದ್ದು ಅದೇ ಎಂದು ಈಗ ತಿಳಿಯುತ್ತದೆ: ನೊಣದ ಜೊತೆ ಕಣಜವೂ ಸತ್ತಿತು, ಆಮೇಲೆ ನೊಣ ಮಾತ್ರ ಬೇಗನೆ ಮರಳಿತು.

ಕಪ್ಪು ಕೋಶ ಒಂದೂ ಇಲ್ಲದ ತೋಟದಲ್ಲಿ ಸುಮ್ಮನೆ ಕೂರುವುದಕ್ಕೂ ಅರ್ಥವಿಲ್ಲ. ಆಗ ಕಣಜವಿರುವ ತೋಟದಿಂದ ಅಂಥ ಗರಿಗಳನ್ನು ಕೊಯ್ದು ತಂದು ನಮ್ಮ ಮರದ ಮಡಲಿಗೆ ಸಿಕ್ಕಿಸುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯವರು ಹೇಳುವ ದಾರಿ. ಕಾಂಡಕ್ಕೆ ಅಂಟು ಬಳಿದ ಹಳದಿ ಹಾಳೆ ಸುತ್ತಿದರೆ ಹಾರಾಡುವ ನೊಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಗಿಡ್ಡ ತಳಿಯ ಮರಗಳಿಗೆ, ಅದರಲ್ಲೂ ಬೇಗ ಪೀಡೆಗೊಳಗಾಗುವ ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿಯ ಮರಗಳಿಗೆ, ಪೈಪಿನ ನೀರನ್ನು ರಭಸದಿಂದ ಗರಿಯ ಅಡಿಗೆ ಹಾಯಿಸಿದರೆ ಮೊಟ್ಟೆ ಮರಿಗಳು ತೊಳೆದುಹೋಗುತ್ತವೆ. ತೀರಾ ಹೆಚ್ಚಾಗಿದ್ದರೆ ಲೀಟರಿಗೆ 5 ಮಿಲಿಲೀಟರಿನಂತೆ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕಲಸಿ ಅಡಿಮೈಗೆ ತಾಗುವಂತೆ ಸಿಂಪಡಿಸಬಹುದು. ಮಸಿಗೆ ಬೇರೆಯೇ ಉಪಚಾರವಿದೆ. ಲೀಟರಿಗೆ 10 ಗ್ರಾಂ ಗಂಜಿಹಿಟ್ಟು ಕದಡಿದ ನೀರನ್ನು ಮಡಲಿನ ಮೇಲ್ಮೈಗೆ ಹಾಕಿದರೆ ಅದು ಬಿಸಿಲಿಗೆ ಒಣಗಿ, ಹಪ್ಪಳದಂತೆ ಎದ್ದು, ಮಸಿಯನ್ನೂ ಹೊತ್ತುಕೊಂಡು ಉದುರುತ್ತದೆ. ಮಸಿಯನ್ನು ರಾತ್ರಿ ಹೊತ್ತು ಮೇಯುವ ಒಂದು ಸಣ್ಣ ದುಂಬಿಯೂ ಕೇರಳದ ತೆಂಗಿನ ತೋಟಗಳಲ್ಲಿ ಕಂಡುಬಂದಿದೆ. ಹಗಲಿನಲ್ಲಿ ಗರಿಯಡಿ ಗುಂಪಾಗಿ ಕುಳಿತಿರುವ ಅದನ್ನು ಹೊಸ ಕೀಟವೆಂದು ತಿಳಿದು ಕೊಲ್ಲಬಾರದು.

ಇಷ್ಟೆಲ್ಲ ಮಾಡಿದರೂ ಮಾಡದಿದ್ದರೂ, ಜೂನಿನಲ್ಲಿ ಮಳೆ ಹಿಡಿದ ಮೇಲೆ ನೊಣದ ಸಂಖ್ಯೆ ಕುಸಿಯುತ್ತದೆ. ಆದುದರಿಂದ ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಬಿಳಿ ನೊಣಕ್ಕೆ ಹಣ ಸುರಿಯುವುದು ನನ್ನ ಮಟ್ಟಿಗೆ ವ್ಯರ್ಥ. ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ಕಾಲದಲ್ಲಿ ಗರಿಯನ್ನು ಮಗುಚಿ ನೋಡುವುದೇ ಲಾಭದ ಕೆಲಸ.

ಕಾಯಿಯ ಟೊಪ್ಪಿಯೊಳಗೆ: ತೆಂಗಿನ ನುಸಿ

ನುಸಿಯ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ಸುಮ್ಮನಿದ್ದರೆ ನಷ್ಟ ವರ್ಷಗಟ್ಟಲೆ ಮುಂದುವರಿಯುತ್ತದೆ. 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಮೊದಲು ವರದಿಯಾದ ಈ ಜೀವಿ ಕೀಟವೇ ಅಲ್ಲ, ಜೇಡದ ಕುಲದ್ದು. ಉದ್ದ ಕಾಲು ಮಿಲಿಮೀಟರಿನಷ್ಟೂ ಇಲ್ಲ, ಬಿಳಿ ಹುಳುವಿನಂತಹ ಮೈ, ಕಾಲುಗಳು ನಾಲ್ಕೇ. ಮಿಡಿಯ ತೊಟ್ಟಿನ ಬಳಿ ಟೊಪ್ಪಿಯಂತೆ ಅಂಟಿಕೊಂಡಿರುವ ಪುಷ್ಪಪತ್ರಗಳ ಅಡಿಗೆ ಇದು ಹೊಕ್ಕು ಅಲ್ಲಿಯ ಎಳೆಯ ಭಾಗವನ್ನು ಹೀರುತ್ತದೆ. ಹತ್ತು ದಿನದೊಳಗೆ ಒಂದು ತಲೆಮಾರು ಮುಗಿಯುವುದರಿಂದ ಒಂದೇ ಕಾಯಿಯಲ್ಲಿ ಸಾವಿರಗಟ್ಟಲೆ ತುಂಬಿಕೊಳ್ಳುವುದಕ್ಕೆ ತಡವಾಗುವುದಿಲ್ಲ.

ಗುರುತು ಸುಲಭ. ಮಿಡಿಯಲ್ಲಿ ಟೊಪ್ಪಿಯ ಅಂಚಿನಿಂದ ಕೆಳಕ್ಕೆ ತ್ರಿಕೋನಾಕಾರದ ಬಿಳಿ ಅಥವಾ ಹಳದಿ ಮಚ್ಚೆ ಮೂಡುತ್ತದೆ, ಕಾಯಿ ಬೆಳೆದಂತೆ ಅದು ಕಂದಾಗಿ, ಮರದ ತೊಗಟೆಯಂತೆ ಒರಟಾಗಿ ಬಿರಿಯುತ್ತದೆ. ಕೆಲವು ಕಾಯಿಗಳಲ್ಲಿ ಅಂಟು ಒಸರುತ್ತದೆ. ಕಾಯಿ ಸಣ್ಣದಾಗುತ್ತದೆ, ಸೊಟ್ಟಗಾಗುತ್ತದೆ, ಸುಲಿಯುವವರು ಬೈದುಕೊಳ್ಳುವಷ್ಟು ಸಿಪ್ಪೆ ಗಟ್ಟಿಯಾಗುತ್ತದೆ. ಬಲಿತ ಕಾಯಿಯಲ್ಲಿ ಬಿರುಕು ಕಂಡು ಮದ್ದು ಹೊಡೆಯುವುದರಿಂದ ಪ್ರಯೋಜನವಿಲ್ಲ, ಯಾಕೆಂದರೆ ಆ ಗಾಯ ಆದದ್ದು ತಿಂಗಳುಗಳ ಹಿಂದೆ. ನುಸಿ ಈಗ ಇರುವುದು ಮೇಲಿನ ಎಳೆಯ ಗೊನೆಗಳಲ್ಲಿ.

ಬಿಳಿ ನೊಣಕ್ಕೆ ನೀರು ಕೆಲಸ ಮಾಡಿದ ಹಾಗೆ ಇಲ್ಲಿ ಮಾಡುವುದಿಲ್ಲ, ಟೊಪ್ಪಿ ಅದಕ್ಕೆ ಕೊಡೆ ಹಿಡಿದಿರುತ್ತದೆ. ಉಳಿಯುವುದು ಎರಡು ದಾರಿ. ಮೊದಲನೆಯದು ಸಿಂಪರಣೆ: 20 ಮಿಲಿಲೀಟರ್ ಬೇವಿನೆಣ್ಣೆ, ಅರೆದು ಸೋಸಿದ 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸಾಬೂನು, ಇವನ್ನು ಒಂದು ಲೀಟರ್ ನೀರಿನಲ್ಲಿ ಚೆನ್ನಾಗಿ ಕದಡಿ, ಎರಡರಿಂದ ಆರು ತಿಂಗಳ ಮಿಡಿಗಳಿರುವ ಗೊನೆಗಳಿಗೆ, ಟೊಪ್ಪಿಯ ಸುತ್ತ ಒದ್ದೆಯಾಗುವಂತೆ ಬಿಡುವುದು. ಎಣ್ಣೆ ನೀರಿನಿಂದ ಬೇರೆಯಾಗಿ ಮೇಲೆ ತೇಲಿದರೆ ಕೆಲಸ ಕೆಟ್ಟಿತು. ಸಾಬೂನನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಅದರಲ್ಲಿ ಹಾಲಿನಂತಾಗುವವರೆಗೆ ಕದಡಿ, ಆಮೇಲೆ ಉಳಿದ ನೀರು ಸೇರಿಸಬೇಕು. ಇನ್ನೂ ಹೂವಿನಲ್ಲಿರುವ ಹಿಂಗಾರಕ್ಕೆ ಇದನ್ನು ತಾಗಿಸಬಾರದು. ಮನೆಯಲ್ಲಿ ಕಲಸುವ ವ್ಯವಧಾನವಿಲ್ಲದವರು ಅಂಗಡಿಯಲ್ಲಿ ಸಿಗುವ, ಶೇ. 1 ಅಜಾಡಿರಕ್ಟಿನ್ ಇರುವ ಬೇವಿನ ತಯಾರಿಯನ್ನು ಲೀಟರಿಗೆ 4 ಮಿಲಿಲೀಟರಿನಂತೆ ಬಳಸಬಹುದು.

ಎರಡನೆಯದು ಬೇರಿನ ಮೂಲಕ ಉಣಿಸುವುದು. ಅದೇ ಶೇ. 1ರ ಅಜಾಡಿರಕ್ಟಿನ್ 10 ಮಿಲಿಲೀಟರಿಗೆ ಅಷ್ಟೇ ನೀರು ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಬೇಕು. ಬುಡದಿಂದ ಸ್ವಲ್ಪ ದೂರದಲ್ಲಿ ಮಣ್ಣು ಬಿಡಿಸಿ, ಪೆನ್ಸಿಲಿನಷ್ಟು ದಪ್ಪದ, ಜೀವವಿರುವ ಕೆಂಗಂದು ಬೇರನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಚೀಲದ ತಳ ಮುಟ್ಟುವಂತೆ ಇಳಿಸಿ, ಬಾಯಿ ಕಟ್ಟಿ, ಮಣ್ಣು ಮುಚ್ಚಬೇಕು. ಮರುದಿನ ತೆಗೆದು ನೋಡಿದಾಗ ಚೀಲ ಖಾಲಿಯಾಗಿದ್ದರೆ ಮರ ಕುಡಿದಿದೆ ಎಂದರ್ಥ. ತುಂಬಿಯೇ ಇದ್ದರೆ ಬೇರು ಸತ್ತದ್ದು, ಬೇರೊಂದನ್ನು ಹುಡುಕಬೇಕು. ಬೇರುಣಿಸುವ ಮೊದಲು ಬಲಿತ ಕಾಯಿಗಳನ್ನು ಕೀಳಿಸಿಬಿಡಬೇಕು.

ಎರಡರಲ್ಲಿ ಯಾವುದು ಮೇಲು? ಮಿಡಿಗೆ ಕೈ ತಲುಪುವ ಗಿಡ್ಡ ಮರಗಳಿಗೆ ಸಿಂಪರಣೆ, ಮರ ಹತ್ತುವವರು ವರ್ಷಕ್ಕೆ ನಾಲ್ಕು ಸಲ ಸಿಕ್ಕಿದರೇ ಹೆಚ್ಚು ಎಂಬಂತಿರುವ ಎತ್ತರದ ಹಳೆಯ ಮರಗಳಿಗೆ ಬೇರು: ಇದು ನನ್ನ ತೀರ್ಮಾನ. ಬೇರು ಹುಡುಕುವುದರಲ್ಲಿ ಬೆನ್ನು ನೋಯುತ್ತದೆ ನಿಜ, ಆದರೆ ಮದ್ದಿನ ಒಂದು ಹನಿಯೂ ಗಾಳಿಗೆ ಹೋಗುವುದಿಲ್ಲ. ಯಾವ ದಾರಿ ಹಿಡಿದರೂ ವರ್ಷಕ್ಕೆ ಮೂರು ಸಲ ಮಾಡದಿದ್ದರೆ ಫಲವಿಲ್ಲ: ಮಳೆ ಮುಗಿಯುತ್ತಾ ಬರುವ ಸೆಪ್ಟೆಂಬರ್–ಅಕ್ಟೋಬರ್, ಡಿಸೆಂಬರಿನಿಂದ ಫೆಬ್ರವರಿಯ ನಡುವೆ, ಆಮೇಲೆ ಏಪ್ರಿಲಿನಿಂದ ಜೂನಿನ ನಡುವೆ. ಇದರ ಜೊತೆಗೆ ಮರಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ, ಬೇಸಿಗೆಯ ನೀರು, ಪೊಟ್ಯಾಷ್ ಸಮೇತ ಗೊಬ್ಬರ ಸಿಕ್ಕಿದರೆ ಕಾಯಿ ನುಸಿಯ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹೊಸದಾಗಿ ನೆಡುವವರು ನುಸಿಯ ಬಾಧೆ ಕಡಮೆಯಿರುವ ಕಲ್ಪ ಹರಿತದಂತಹ ತಳಿಯನ್ನು ಸಿಪಿಸಿಆರ್‌ಐಯಲ್ಲಿ ವಿಚಾರಿಸಬಹುದು. 1916ರಲ್ಲಿ ತೆಂಗಿನ ಸಂಶೋಧನೆ ಆರಂಭವಾದ ಆ ಜಾಗ ನಮ್ಮ ಜಿಲ್ಲೆಯಲ್ಲೇ ಇದ್ದೂ, ಸಸಿಯನ್ನು ಸಂತೆಯಲ್ಲಿ ಕೊಳ್ಳುವವರು ನಮ್ಮಲ್ಲಿ ಬಹಳ.

ಅಡಿಕೆಯ ಸುಳಿಯಲ್ಲಿ, ಸೋಗೆಯಡಿಯಲ್ಲಿ

ಎಳೆಯ ಅಡಿಕೆ ತೋಟದಲ್ಲಿ ಹೊಸ ಸೋಗೆ ಬಿಡಿಸಿಕೊಳ್ಳುವಾಗಲೇ ಹರಕು ಚಿಂದಿಯಂತಿದ್ದರೆ, ಸುಳಿಯ ಉದ್ದಕ್ಕೆ ಕಡು ಕಂದು ಗೀರುಗಳಿದ್ದರೆ, ಸುಳಿ ತಿಗಣೆಯನ್ನು ಅನುಮಾನಿಸಬೇಕು. ಕೆಂಪು ಕಪ್ಪು ಬಣ್ಣದ ಈ ಸಣ್ಣ ತಿಗಣೆಗಳು ಮೇಲಿನ ಸೋಗೆಯ ಕಂಕುಳಲ್ಲಿ, ಸುಳಿಗೆ ಒತ್ತಿಕೊಂಡು ಗುಂಪಾಗಿರುತ್ತವೆ. ಸೋಗೆಯನ್ನು ಮೆಲ್ಲಗೆ ಅಗಲಿಸಿದರೆ ಅತ್ತಿತ್ತ ಓಡುತ್ತವೆ. ರಸ ಹೀರಿದ ಜಾಗ ಸತ್ತು ಉದುರಿ ಸೋಗೆಯಲ್ಲಿ ತೂತುಗಳಾಗುತ್ತವೆ, ಗಿಡ ಗಿಡ್ಡವಾಗಿ ಉಳಿಯುತ್ತದೆ.

ಇದಕ್ಕೆ ಹಿಂದೆ ನಮ್ಮ ಹಿರಿಯರೆಲ್ಲ ಫೋರೇಟ್ ಹರಳಿನ ಪೊಟ್ಟಣ ಇಡುತ್ತಿದ್ದರು. ಕೇರಳದಲ್ಲಿ 2011ರಲ್ಲಿಯೇ ಅದು ನಿಂತಿತು, 2020ರ ಕೊನೆಗೆ ಇಡೀ ದೇಶದಲ್ಲಿ ನಿಷೇಧವಾಯಿತು. ಹಳೆಯ ಡಬ್ಬ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಬಳಸುವ ಯೋಚನೆಯನ್ನೂ ಮಾಡಬಾರದು. ಈಗ ಥಯಾಮೆಥಾಕ್ಸಾಮ್ ಎಂಬ ಮದ್ದನ್ನು ತೂತು ಮಾಡಿದ ಸಣ್ಣ ಪೊಟ್ಟಣದಲ್ಲಿ ತುಂಬಿ ಮೇಲಿನ ಸೋಗೆಗಳ ಕಂಕುಳಲ್ಲಿ ಇಡುವ ಕ್ರಮವಿದೆ. ಮಳೆನೀರು ತಾಗಿದಂತೆ ಅದು ಕರಗಿ ಸುಳಿಯತ್ತ ಇಳಿಯುತ್ತದೆ. ಪ್ರಮಾಣವನ್ನು ಪಂಚಾಯತಿನ ಕೃಷಿಭವನದಲ್ಲೋ ಸಿಪಿಸಿಆರ್‌ಐಯ ವಿಟ್ಲದ ಕೇಂದ್ರದಲ್ಲೋ ಕೇಳಿಕೊಂಡೇ ತುಂಬಿಸಬೇಕು. ಈ ಜಾತಿಯ ಮದ್ದು ಜೇನಿಗೆ ಕೆಟ್ಟದು. ಹಿಂಗಾರ ಬಿಡದ ಎಳೆಯ ಗಿಡಕ್ಕೆ ಇಡುವುದಕ್ಕೂ, ತುಡುವೆ ಜೇನಿನ ಪೆಟ್ಟಿಗೆಗಳಿರುವ, ಹಿಂಗಾರ ತುಂಬಿದ ತೋಟದಲ್ಲಿ ಇಡುವುದಕ್ಕೂ ಅಜಗಜಾಂತರವಿದೆ. ಎರಡನೆಯ ಸಂದರ್ಭದಲ್ಲಿ, ಗಿಡ ಸಾಯುವ ಹಂತದಲ್ಲಿಲ್ಲದಿದ್ದರೆ, ನಾನು ಇಡುವುದಿಲ್ಲ. ಬೇವಿನೆಣ್ಣೆಯ ನೀರನ್ನು ಸುಳಿಗೆ ಸುರಿದು ನೋಡುತ್ತೇನೆ, ತೀರಾ ದಟ್ಟವಾದ ನೆರಳನ್ನು ಸವರುತ್ತೇನೆ. ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿರುತ್ತದೆ.

ಅಡಿಕೆ ಸಸಿಯ ಕೆಂಪು ನುಸಿಗೆ ನೆರಳಿನ ಲೆಕ್ಕ ಇದಕ್ಕೆ ವಿರುದ್ಧ. ಬೇಸಿಗೆಯಲ್ಲಿ ಬಿಸಿಲು ಬೀಳುವ ಕಡೆಯ ಸಸಿಗಳ ಸೋಗೆ ಹಳದಿಯಾಗಿ, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ನೀರು ಸಾಲದೆ ಹೀಗಾಯಿತೆಂದು ತಿಳಿಯುವವರೇ ಹೆಚ್ಚು. ಸೋಗೆಯ ಅಡಿಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಕುಂಕುಮದ ಪುಡಿಯಂತಹ ಚುಕ್ಕಿಗಳು ಬಿದ್ದು ನಡೆದಾಡುವುದು ಕಾಣುತ್ತದೆ. ಬಲೆಯಿಲ್ಲದೆ ಕೆಂಪು ಚುಕ್ಕಿ ಮಾತ್ರವಿದ್ದರೆ ಕೆಂಪು ನುಸಿ, ತೆಳುವಾದ ಬಲೆಯ ಅಡಿಯಲ್ಲಿದ್ದರೆ ಬಿಳಿ ನುಸಿ. ಎರಡಕ್ಕೂ ಮೊದಲ ಉಪಚಾರ ಬಾಳೆಯ ಅಥವಾ ಸೊಪ್ಪಿನ ನೆರಳು ಮತ್ತು ಸೋಗೆಯ ಅಡಿಗೆ ನೀರು. ಅದರಲ್ಲಿ ಹತೋಟಿಗೆ ಬಾರದಿದ್ದರೆ ಬೇವಿನೆಣ್ಣೆ, ಇಲ್ಲವೇ ನೀರಿನಲ್ಲಿ ಕದಡುವ ಗಂಧಕ. ಎರಡನ್ನೂ ಒಂದರ ಬೆನ್ನಿಗೆ ಒಂದು ಹೊಡೆದರೆ ಎಲೆ ಸುಡುತ್ತದೆ, ಸುಡುಬಿಸಿಲಿನಲ್ಲಿ ಗಂಧಕ ಒಂದನ್ನೇ ಹೊಡೆದರೂ ಅಷ್ಟೇ. ನುಸಿಗೆಂದು ಹೆಸರಾಗಿದ್ದ ಡೈಕೋಫಾಲ್ 2023ರಲ್ಲಿ ನಿಷೇಧವಾಗಿದೆ.

ಹಿಟ್ಟು ತಿಗಣೆ, ಶಲ್ಕ ಕೀಟಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಗುಲಗಂಜಿ ಹುಳುಗಳು ಅವನ್ನು ತಿಂದು ಮುಗಿಸುತ್ತವೆ. ಇರುವೆಗಳು ಕಾವಲು ಕಾಯುತ್ತಿದ್ದರೆ ಮಾತ್ರ ಆ ಕೆಲಸ ನಿಧಾನ. ನಳ್ಳಿ, ಅಂದರೆ ಎಳೆಯ ಅಡಿಕೆಕಾಯಿ, ಉದುರುತ್ತಿದ್ದರೆ ಬಿದ್ದ ನಳ್ಳಿಯಲ್ಲಿ ಸೂಜಿ ಚುಚ್ಚಿದಂತಹ ಕಪ್ಪು ಚುಕ್ಕಿಯಿದೆಯೇ ನೋಡಬೇಕು. ಚುಕ್ಕಿಯಿದ್ದರೆ ಅದು ತಿಗಣೆಯ ಕೆಲಸ. ಇಲ್ಲದಿದ್ದರೆ ಕಾರಣವನ್ನು ನೀರಿನಲ್ಲಿ, ಗೊಬ್ಬರದಲ್ಲಿ ಅಥವಾ ಹಿಂಗಾರ ಒಣಗುವ ರೋಗದಲ್ಲಿ ಹುಡುಕಬೇಕು.

ಮದ್ದು ಹೋಗುವ ದಾರಿ

ಎತ್ತರದ ಮರದ ತಲೆಗೆ ನೆಲದಿಂದ ಪಂಪಿನಲ್ಲಿ ಹೊಡೆದಾಗ ಗುರಿ ಮುಟ್ಟುವುದು ಸ್ವಲ್ಪ, ಉಳಿದದ್ದು ಗಾಳಿಯೊಂದಿಗೆ ಹೋಗುತ್ತದೆ. ಮೈಲುತುತ್ತಿನ ವಿಷಯದಲ್ಲಿ ಅದನ್ನು ಹೇಗೋ ಸಹಿಸಿಕೊಂಡಿದ್ದೇವೆ, ಕೀಟನಾಶಕದಲ್ಲಿ ಸಹಿಸುವಂತಿಲ್ಲ. ನಮ್ಮ ಕಡೆ ಗುಡ್ಡದ ಬುಡದ ಸುರಂಗದ ನೀರೇ ಹಲವು ಮನೆಗಳಿಗೆ ಕುಡಿಯುವ ನೀರು, ತೋಟ ಇರುವುದೂ ಆ ನೀರು ಹರಿದು ಬರುವ ತಗ್ಗಿನಲ್ಲಿಯೇ. ಗೇರು ತೋಟದ ಸೊಳ್ಳೆಯಂತಹ ಒಂದು ತಿಗಣೆಗಾಗಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನಾಡು ಇದು. ಅದರ ಪೆಟ್ಟು ತಿಂದ ಎಣ್ಮಕಜೆ, ಪಡ್ರೆಯ ಕಡೆಯವರಿಗೆ ಸಣ್ಣ ಕೀಟ, ದೊಡ್ಡ ಸಿಂಪರಣೆ ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು.

ಈ ಕಾರಣಕ್ಕೆ ನನ್ನ ಲೆಕ್ಕದಲ್ಲಿ ಮದ್ದು ಕೊಡುವ ದಾರಿಗಳ ಕ್ರಮ ಹೀಗೆ: ಸುಳಿಗೆ ಅಥವಾ ಬೇರಿಗೆ ನೇರವಾಗಿ ಕೊಡುವುದು ಮೊದಲು, ಮರ ಹತ್ತಿಯೋ ದೋಟಿಗೆ ಪೈಪು ಕಟ್ಟಿಯೋ ಗೊನೆಗಷ್ಟೇ ಬಿಡುವುದು ಆಮೇಲೆ, ನೆಲದಿಂದ ಇಡೀ ತಲೆಗೆ ಹೊಡೆಯುವುದು ಬೇವಿನೆಣ್ಣೆ, ಗಂಜಿನೀರುಗಳಿಗೆ ಮಾತ್ರ. ದೋಟಿಯ ವಿಷಯದಲ್ಲಿ ಒಂದು ಎಚ್ಚರ: ಕಾರ್ಬನ್ ಫೈಬರಿನ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ, ಲೈನಿನ ಹತ್ತಿರದ ಮರಕ್ಕೆ ಅದನ್ನು ಎತ್ತಬಾರದು. ಕೊಂಡ ಡಬ್ಬದ ಮೇಲಿನ ತ್ರಿಕೋನದ ಬಣ್ಣವನ್ನೂ ನೋಡಬೇಕು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ಈ ಬೇಸಿಗೆಯಲ್ಲಿ ನನ್ನ ತೋಟದಲ್ಲಿ ಮೂರೂ ಒಟ್ಟಿಗೆ ಬಂದಿದ್ದವು: ತೆಂಗಿನಲ್ಲಿ ಬಿಳಿ ನೊಣ ಮತ್ತು ನುಸಿ, ಕೆಳಗೆ ಹೊಸದಾಗಿ ನೆಟ್ಟ ಅಡಿಕೆಯಲ್ಲಿ ಕೆಂಪು ನುಸಿ. ನೊಣವನ್ನು ಕಣಜಕ್ಕೆ ಬಿಟ್ಟೆ. ಹಳೆಯ ತೆಂಗುಗಳಿಗೆ ಬೇರಿನಲ್ಲಿ ಬೇವು ಕೊಟ್ಟೆ, ಹದಿನಾಲ್ಕು ಚೀಲಗಳಲ್ಲಿ ಮೂರು ಮರುದಿನವೂ ತುಂಬಿಯೇ ಇದ್ದವು, ಬೇರೆ ಬೇರು ಹುಡುಕಬೇಕಾಯಿತು. ಅಡಿಕೆ ಸಸಿಗಳಿಗೆ ಪಶ್ಚಿಮದ ಬದಿಗೆ ಮಡಲು ಕಟ್ಟಿ ನೆರಳು ಮಾಡಿ, ಸಂಜೆ ಹೊತ್ತು ಸೋಗೆಯಡಿಗೆ ನೀರು ಹಾಯಿಸಿದೆ. ಕಟ್ಟಿದ ಮಡಲುಗಳಲ್ಲಿ ಕಪ್ಪು ಕೋಶಗಳಿದ್ದವನ್ನು ಮಾತ್ರ ಆಯ್ದು ಬೇರೆ ಇಟ್ಟು, ನೀರ್ಚಾಲಿನ ನಮ್ಮ ಭಾವ ಕೇಳಿದ್ದರೆಂದು ಅವರ ತೋಟಕ್ಕೆ ಕೊಟ್ಟು ಬಂದೆ.